ಲೇತಿನ ಮುಂದೆ ಗುಲಾಬಿ ಸೀರೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮಷಿನ್ ಶಾಪಿನ ಗೋಡೆ ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು, ಅದಕ್ಕೇ ನೆನಪಿದೆ. ಅಪಘಾತವಾದದ್ದು ಆಮೇಲೆ. ಆದರೆ ಕೆಟ್ಟದ್ದು ಶುರುವಾದದ್ದು ಹತ್ತೂ ನಲವತ್ತಕ್ಕೆ, ಫೋಟೋ ತೆಗೆಯುವವನು ಕ್ಯಾಮೆರಾದಿಂದ ಕಣ್ಣೆತ್ತಿ, "ಸಾರ್, ಮಷಿನ್ ನಿಂತಿದ್ರೆ ಸತ್ತಂಗೆ ಕಾಣ್ಸುತ್ತೆ. ಸ್ವಲ್ಪ ಓಡ್ಲಿ ಸಾರ್, ಒಂದ್ ಕಳೆ ಬರುತ್ತೆ" ಎಂದಾಗ.

ಆ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ನಾನು. ಅಂಥ ಮಾತು ಕಿವಿಗೆ ಬಿದ್ದರೆ 'ಬೇಡ' ಎನ್ನುವುದೇ ನನ್ನ ಉದ್ಯೋಗ. ಆದರೆ ಆ ಹೊತ್ತಿನಲ್ಲಿ ನಾನು ಯಂತ್ರಗಳ ಹತ್ತಿರ ಇರಲಿಲ್ಲ. ಶಾಪಿನ ಇನ್ನೊಂದು ತುದಿಯಲ್ಲಿ ಹಾಕಿದ್ದ ವೇದಿಕೆಯ ಪಕ್ಕ, ಎರಡೂ ಕೈಯಲ್ಲಿ ಹೂಗುಚ್ಛಗಳ ತಟ್ಟೆ ಹಿಡಿದು ನಿಂತಿದ್ದೆ. ಅಂದು ಮಹಿಳಾ ದಿನ. ಅತಿಥಿಗಳಿಗೆ ಹೂ ಕೊಡಲು ಅಧಿಕಾರಿಗಳಲ್ಲಿ ಇದ್ದ ಒಬ್ಬಳೇ ಹೆಂಗಸು ನಾನು.

ನಾನು ನಿವೃತ್ತಳಾದ ಮೇಲೆ ಸುರಕ್ಷತಾ ಡಿಪ್ಲೊಮಾ ಮುಗಿಸಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಕೆಲಸ ಹೇಗಿರುತ್ತದೆ ಮೇಡಂ, ಗಂಡಸರು ಮಾತು ಕೇಳುತ್ತಾರಾ ಎನ್ನುತ್ತಾರೆ. ಫೋನಿನಲ್ಲಿ ಏನೋ ಧೈರ್ಯದ ಮಾತು ಹೇಳಿ ಇಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಫೋನಿನಲ್ಲಿ ಹೇಳದೆ ಉಳಿಸಿಕೊಂಡದ್ದು.

ಕಾರ್ಖಾನೆಯ ಹೆಸರು ಬೇಡ. ಕೆ.ಆರ್. ಪುರಂ ಕಡೆಯ ಒಂದು ಖಾಸಗಿ ಕಾರ್ಖಾನೆ. ದೊಡ್ಡ ಕಂಪನಿಗಳಿಗೆ ಉಕ್ಕಿನ ಬಿಡಿಭಾಗ ಮಾಡಿಕೊಡುತ್ತಿತ್ತು ಎಂದರೆ ಸಾಕು. ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ಎರಡು ಬಸ್ಸು. ನಾನು ಬಿ.ಎಸ್ಸಿ. ಮುಗಿಸಿ, ಸುರಕ್ಷತೆಯ ಡಿಪ್ಲೊಮಾ ಮಾಡಿಕೊಂಡು ಅಲ್ಲಿಗೆ ಸೇರಿದ ಮೊದಲ ದಿನವೇ ಪಾಠವಾಯಿತು. ಚೂಡಿದಾರ, ಎರಡೂ ಭುಜದ ಮೇಲೆ ಇಳಿಬಿಟ್ಟ ದುಪ್ಪಟ್ಟಾ, ಕೈಯಲ್ಲಿ ಫೈಲು. ಮಷಿನ್ ಶಾಪಿನ ಬಾಗಿಲಲ್ಲೇ ಮುಂದೆ ಫೋರ್‌ಮನ್ ಆದ ನಾಗರಾಜು, ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಅಡ್ಡ ನಿಂತರು.

"ಏನ್ ಮೇಡಂ, ಸೇಫ್ಟಿ ಆಫೀಸರ್ ಅಂತೆ?"

"ಹೌದು."

"ಹಂಗಾದ್ರೆ ಮೊದ್ಲು ಆ ದುಪ್ಪಟ್ಟಾ ತೆಗ್ದು ಬ್ಯಾಗಲ್ಲಿ ಇಟ್ಕೊಳಿ. ಇಲ್ಲಿ ತಿರುಗೋ ಮಷಿನ್‌ಗೆ ಅದು ಬಟ್ಟೆ ಅಲ್ಲ, ಹಗ್ಗ."

ಹಿಂದೆ ನಿಂತಿದ್ದವರೆಲ್ಲ ನಕ್ಕರು. ನನಗೆ ಅಳು ಬಂದಿತ್ತು. ಆದರೆ ಅವರು ಹೇಳಿದ್ದು ಸರಿ ಎಂಬುದು ಆಗಲೇ ಗೊತ್ತಿತ್ತು. ನಾಗರಾಜು ಆ ಕಡೆಯ ಹಳೇ ಊರಿನವರು. "ನಮ್ಮಪ್ಪ ರಾಗಿ ಬಿತ್ತಿದ ಹೊಲದ್ಮೇಲೇ ನಿಮ್ಮ ಕ್ಯಾಂಟೀನು ನಿಂತಿರೋದು, ಅದಕ್ಕೇ ಮುದ್ದೆ ಅಷ್ಟು ಕೆಟ್ಟದಾಗಿದ್ರೂ ತಿಂತೀನಿ" ಎನ್ನುತ್ತಿದ್ದರು. ಬಾಯಿ ಒರಟು. ಹೆಂಗಸರು ಮಷಿನ್ ಶಾಪಿಗೆ ಬರುವುದು ಅವರಿಗೆ ಮೊದಮೊದಲು ಸುತರಾಂ ಇಷ್ಟವಿರಲಿಲ್ಲ.

ಆಗ ಹೆಂಗಸರು ಇದ್ದದ್ದು ಪ್ಯಾಕಿಂಗ್‌ನಲ್ಲಿ ಮಾತ್ರ. ಅವರಿಗೆ ಹತ್ತಿರದ ಶೌಚಾಲಯವೆಂದರೆ ಆಫೀಸು ಕಟ್ಟಡದ ಹಿಂದಿನದು. ಅಲ್ಲಿಗೆ ಹೋಗಿಬರುವುದನ್ನು ಸೂಪರ್‌ವೈಸರ್ ಗಡಿಯಾರ ನೋಡಿ ಅಳೆಯುತ್ತಿದ್ದ. ಅದಕ್ಕೇ ಬೆಳಗಿನಿಂದ ನೀರೇ ಕುಡಿಯದ ಹೆಂಗಸರು ಬೇಸಿಗೆಯಲ್ಲಿ ತಲೆ ಸುತ್ತಿ ಬೀಳುತ್ತಿದ್ದರು. ಇದೂ ಸುರಕ್ಷತೆಯ ವಿಷಯ ಎಂದು ನಾನು ಮೀಟಿಂಗಿನಲ್ಲಿ ಹೇಳಿದಾಗ ಆಗಿನ ಮ್ಯಾನೇಜರು ಪೆನ್ನಿನ ಕ್ಯಾಪು ಹಾಕುತ್ತಾ, "ಇದೆಲ್ಲಾ ಹೆಂಗಸ್ರು ಹೆಂಗಸ್ರು ಮಾತಾಡ್ಕೊಳೋದು ಮೇಡಂ, ಇಲ್ಲಿ ಬೇಡ" ಎಂದರು. ಸುರಕ್ಷತಾ ಬೂಟುಗಳೂ ಗಂಡಸರ ಅಳತೆಯವೇ. ಹೆಂಗಸರು ಮುಂದಿನ ಖಾಲಿ ಜಾಗಕ್ಕೆ ಯಂತ್ರ ಒರೆಸುವ ಹತ್ತಿ ತುರುಕಿಕೊಂಡು ನಡೆಯುತ್ತಿದ್ದರು. ಬೂಟು ತರಿಸಲು, ಬಾಗಿಲಿಗೆ ಚಿಲಕವಿರುವ ಶೌಚಾಲಯ ಕಟ್ಟಿಸಲು ನನ್ನ ಅರ್ಧ ಆಯುಸ್ಸು ಹೋಯಿತು. ನೀವು ಕಾಲೇಜಿನಲ್ಲಿ ಓದುವ ಬೆಂಕಿ, ವಿಷಾನಿಲಗಳ ಪಾಠಗಳಲ್ಲಿ ಇದು ಬರುವುದಿಲ್ಲ. ಕೆಲಸದಲ್ಲಿ ಮೊದಲು ಬರುವುದು ಇದೇ.

ಸೆಲ್ವಿ ಬಂದದ್ದು ಆಮೇಲೆ. ಮರ್ಫಿ ಟೌನಿನ ಹುಡುಗಿ, ಐ.ಟಿ.ಐ.ನಲ್ಲಿ ಟರ್ನರ್ ಕೋರ್ಸು ಮಾಡಿದ್ದಳು. ಟರ್ನರ್ ಎಂದರೆ ಲೇತಿನಲ್ಲಿ ಕೆಲಸ ಮಾಡುವವರು. ಲೇತಿನಲ್ಲಿ ಎಡಗಡೆ 'ಚಕ್' ಎಂಬ ಉಕ್ಕಿನ ಮುಷ್ಟಿ ಇರುತ್ತದೆ. ಅದು ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗುತ್ತದೆ, ಟರ್ನರು ಉಳಿಯನ್ನು ತಾಗಿಸಿ ಅದನ್ನು ಬೇಕಾದ ಆಕಾರಕ್ಕೆ ಇಳಿಸುತ್ತಾರೆ. ಕಾಲ ಬಳಿ ಉದ್ದಕ್ಕೂ ಒಂದು ಬ್ರೇಕಿನ ಪಟ್ಟಿ. ತುಳಿದರೆ ಯಂತ್ರ ನಿಲ್ಲುತ್ತದೆ. ಸೆಲ್ವಿಯನ್ನು ನಾಗರಾಜು ಮೊದಲ ಆರು ತಿಂಗಳು ಲೇತು ಮುಟ್ಟಲು ಬಿಡದೆ ಕಬ್ಬಿಣದ ಚೂರು ಗುಡಿಸಲು ಹಚ್ಚಿದರು. ಅವಳು ಗುಡಿಸುತ್ತಲೇ ಪ್ರತಿಯೊಬ್ಬರ ಕೈ ನೋಡುತ್ತಿದ್ದಳು. ಒಂದು ದಿನ ನಾಗರಾಜು ಅವರೇ ಕೇಳಿದರು, "ಏನಮ್ಮಾ, ಗುಡ್ಸೋಕೆ ಇಷ್ಟು ಹೊತ್ತಾ?"

"ನೀವ್ ಕಲ್ಸೋಕೆ ಇಷ್ಟು ಹೊತ್ತು ತೊಗೊಂಡ್ರೆ ನಾನ್ ಗುಡ್ಸೋಕೂ ತೊಗೋತೀನಿ ಸಾರ್."

ಶಾಪು ಗೊಳ್ಳೆಂದಿತು. ಮಾರನೇ ದಿನ ನಾಗರಾಜು ಅವಳನ್ನು ತಮ್ಮ ಪಕ್ಕದ ಲೇತಿಗೆ ಹಾಕಿಕೊಂಡರು. ಕೆಲವು ವರ್ಷಗಳಲ್ಲಿ ಹೇಗಾಯಿತೆಂದರೆ, ನವಿರಾದ ಮರೆ, ಅಂದರೆ ಸ್ಕ್ರೂವಿನಂಥ ಸುತ್ತುಗಳನ್ನು, ಕೊರೆಯುವ ಕೆಲಸ ಬಂದರೆ ಅದು ಸೆಲ್ವಿಯ ಲೇತಿಗೇ ಹೋಗುತ್ತಿತ್ತು. ಅವಳನ್ನು ನೋಡಿ ಇನ್ನೂ ಹೆಂಗಸರು ಬಂದರು. ಹೆಂಗಸರಿಗೂ ಪ್ಯಾಂಟು-ಶರ್ಟಿನ ಸಮವಸ್ತ್ರ ಬೇಕು ಎಂದು ನಾನು ಬರೆದಾಗ, ಅದು ನೋಡಲು ಚೆನ್ನಾಗಿರುವುದಿಲ್ಲ ಎಂದವರಿದ್ದರು. ಸೆಲ್ವಿಯೇ ತಮ್ಮನ ಪ್ಯಾಂಟು ಹಾಕಿಕೊಂಡು ಬಂದು ದಿನವಿಡೀ ಕೆಲಸ ಮಾಡಿ ತೋರಿಸಿದಳು. ಸಮವಸ್ತ್ರ ಬಂತು. ಆ ವಾರವೇ ಶಾಪಿನ ಗೋಡೆಗೆ ಕೆಂಪಕ್ಷರದಲ್ಲಿ ಬರೆಸಿದೆ: ತಿರುಗುವ ಯಂತ್ರದ ಬಳಿ ಸಡಿಲ ಬಟ್ಟೆ ನಿಷಿದ್ಧ. ನನ್ನ ವೃತ್ತಿಯಲ್ಲಿ ನಾನು ಹೆಮ್ಮೆಪಟ್ಟ ದಿನ ಯಾವುದೆಂದು ಕೇಳಿದರೆ ಅದೇ. ಆ ಅಕ್ಷರಗಳು ಮುಂದೆ ಯಾರ ವಿರುದ್ಧ ಬಳಕೆಯಾಗುತ್ತವೆ ಎಂಬುದು ಆಗ ತಿಳಿದಿರಲಿಲ್ಲ.

ಮಹಿಳಾ ದಿನದ ಪದ್ಧತಿ ಶುರುವಾದದ್ದು ಶ್ರೀಧರ್ ಪ್ಲಾಂಟ್ ಹೆಡ್ ಆಗಿ ಬಂದ ಮೇಲೆ. ಕೆಟ್ಟ ಮನುಷ್ಯರಲ್ಲ. ಹೆಂಗಸರನ್ನು ಹೆಚ್ಚು ಸೇರಿಸಿಕೊಳ್ಳಬೇಕೆಂದು ನಿಜಕ್ಕೂ ಬಯಸಿದವರು. ಮೊದಲ ವರ್ಷ ಒಂದೊಂದು ಗುಲಾಬಿ. ಮರುವರ್ಷ ಊಟದ ಡಬ್ಬಿ, ಭಾಷಣ. ಆಮೇಲಿನ ವರ್ಷಗಳಲ್ಲಿ ಆ ಒಂದು ದಿನ ಮಷಿನ್ ಶಾಪಿನಲ್ಲಿ ಬರೀ ಹೆಂಗಸರ ಪಾಳಿ. ಗಂಡಸರಿಗೆಲ್ಲ ಕ್ಯಾಂಟೀನಿನಲ್ಲಿ ಟೀ. ಆ ವರ್ಷ ಮುಖ್ಯ ಕಚೇರಿಯವರು ಬರುವವರಿದ್ದರು. ಎಲ್ಲ ಹೆಂಗಸರಿಗೂ ಒಂದೇ ಬಣ್ಣದ ಗುಲಾಬಿ ಸಿಂಥೆಟಿಕ್ ಸೀರೆ ಹಂಚಿದರು.

"ಸಾರ್, ಇದನ್ನ ಉಟ್ಕೊಂಡು ಶಾಪ್ ಒಳಗೆ ಬರೋಹಾಗಿಲ್ಲ" ಎಂದೆ.

"ಮಷಿನ್ ಎಲ್ಲಾ ಆಫ್ ಇರುತ್ತೆ ಮೇಡಂ. ಬರೀ ಫೋಟೋ. ವರ್ಷಪೂರ್ತಿ ಪ್ಯಾಂಟಲ್ಲಿ ಇರ್ತಾರಲ್ಲ, ಒಂದ್ ದಿನ ನಮ್ಮ ಹೆಣ್ಮಕ್ಳು ಹೆಣ್ಮಕ್ಳ ತರ ಕಾಣ್ಲಿ ಬಿಡಿ."

"ಹೊರಗೆ ಗಿಡದ ಹತ್ರ ತೆಗೀಬಹುದಲ್ಲ?"

"ಗಿಡದ ಹತ್ರ ಯಾವ ಫ್ಯಾಕ್ಟರಿ ಹೆಂಗಸರೂ ನಿಲ್ತಾರೆ. ನಮ್ಮೋರು ಮಷಿನ್ ನಡೆಸೋರು. ಅದು ಕಾಣ್ಬೇಕಲ್ವಾ?"

ಅದೂ ಸರಿಯೇ ಅನ್ನಿಸುವಂಥ ಮಾತು. ಯಂತ್ರಗಳ ಮುಖ್ಯ ಸ್ವಿಚ್ಚು ಆರಿಸಿ, ನಾನು ಪಕ್ಕದಲ್ಲೇ ನಿಲ್ಲುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿಗೆಯಾಯಿತು. ಮಹಿಳಾ ದಿನದ ಬೆಳಿಗ್ಗೆ ಕಾರ್ಯಕ್ರಮ ನಿರೂಪಿಸುವ ಹುಡುಗಿ ಓಡಿ ಬಂದು, ಅತಿಥಿಗಳಿಗೆ ಹೂ ಕೊಡಲು ಮೇಡಂ ನೀವೇ ಬೇಕಂತೆ ಎಂದು ತಟ್ಟೆ ಕೈಗಿಟ್ಟಳು. ಸ್ವಿಚ್ಚು ಆರಿಸಿಯೇ ಹೋಗಿದ್ದೆ.

ಯಂತ್ರಗಳೆಲ್ಲ ನಿಂತಿದ್ದರಿಂದ ಆ ಫೋಟೋದವನ ಮಾತು ಅಷ್ಟು ದೂರಕ್ಕೂ ಸ್ಪಷ್ಟವಾಗಿ ಕೇಳಿಸಿತು. "ಬೇಡ ಸಾರ್!" ಎಂದು ಕೂಗಿದೆ. ಶ್ರೀಧರ್ ಅಂಗೈ ಎತ್ತಿ ತೋರಿಸಿದರು. "ಎರಡೇ ನಿಮಿಷ ಮೇಡಂ, ಖಾಲಿ ತಿರುಗ್ಲಿ ಅಷ್ಟೇ." ಯಾರೋ ಮುಖ್ಯ ಸ್ವಿಚ್ಚು ಹಾಕಿದರು. ಸೀರೆಯುಟ್ಟು ಲೇತಿನ ಮುಂದೆ ನಿಂತಿದ್ದ ಸೆಲ್ವಿ ನನ್ನ ಕಡೆ ನೋಡಿದಳು. ಆಮೇಲೆ ಶ್ರೀಧರ್ ಕಡೆ ನೋಡಿದಳು. "ಸೆರಗಿಗೆ ಪಿನ್ ಹಾಕಿದೀನಿ ಸಾರ್, ಪರವಾಗಿಲ್ಲ" ಎಂದಿರಬೇಕು. ತುಟಿ ಅಲುಗಿದ್ದಷ್ಟೇ ನನಗೆ ಕಂಡಿದ್ದು. ಆಗಲೇ ಲೇತು ಸದ್ದು ಹಿಡಿದಿತ್ತು.

ನಾನು ತಟ್ಟೆ ಇಡಲು ಜಾಗ ಹುಡುಕಿದೆ. ಮೇಜಿನ ಮೇಲೆ ದೀಪ ಉರಿಯುತ್ತಿತ್ತು, ಕುರ್ಚಿಗಳಲ್ಲಿ ಅತಿಥಿಗಳಿದ್ದರು. ಹೀಗೆ ಕತ್ತು ತಿರುಗಿಸಿ ಜಾಗ ಹುಡುಕಿದ ಆ ಗಳಿಗೆ ಇವತ್ತಿಗೂ ನನ್ನೊಳಗೆ ಮುಗಿದಿಲ್ಲ. ಎಷ್ಟೋ ಸಲ ಆ ತಟ್ಟೆಯನ್ನು ನೆಲಕ್ಕೆ ಎಸೆದು ಓಡಿದ್ದೇನೆ, ಹಾಸಿಗೆಯ ಮೇಲೆ ಮಲಗಿಕೊಂಡೇ.

"ಮೇಡಂ, ಸ್ವಲ್ಪ ಬಗ್ಗಿ, ಮಷಿನ್ ಕಡೆ. ಈ ಕಡೆ ನೋಡಿ ಸ್ಮೈಲ್" ಎಂದು ಫೋಟೋದವನು ಕೈಯಲ್ಲಿ ಸನ್ನೆ ಮಾಡಿದ. ಸೆರಗು ಎಡಭುಜದ ಮೇಲೆ, ಚಕ್ಕೂ ಎಡಕ್ಕೆ. ಅತಿಥಿಗಳಿಗೆ ಸೆಕೆಯಾಗದಿರಲೆಂದು ತಂದಿಟ್ಟಿದ್ದ ದೊಡ್ಡ ಫ್ಯಾನು ಅದೇ ಕಡೆಗೆ ಗಾಳಿ ಬೀಸುತ್ತಿತ್ತು. ಸೆರಗಿನ ತುದಿ ಮೇಲೆದ್ದದ್ದು ಕಂಡಿತು. ಗುಲಾಬಿ ಬಣ್ಣ ಚಕ್ಕಿನ ಸುತ್ತ ಒಂದು ಸುತ್ತು ಬಂದದ್ದು ಕಂಡಿತು. ಪಿನ್ನು ಹಾಕಿರದಿದ್ದರೆ ಸೆರಗು ಜಾರಿ ಹೋಗುತ್ತಿತ್ತೇನೋ. ಪಿನ್ನು ಬಿಡಲಿಲ್ಲ. ಅವಳು ಎಡಗೈ ಅಡ್ಡ ಕೊಟ್ಟಳು. ಕಾಲಿನಿಂದ ಬ್ರೇಕು ತುಳಿಯಲು ಹೋದಳು. ನೆರಿಗೆಗೆ ಕಾಲು ಸಿಕ್ಕಿಕೊಂಡಿತು. ಇಷ್ಟು ವರ್ಷ ಪ್ಯಾಂಟಿನಲ್ಲಿ ನೋಡದೆಯೇ ತುಳಿದ ಬ್ರೇಕು.

ಪಕ್ಕದ ಲೇತಿನಲ್ಲಿ ಯಾರೂ ಇರಲಿಲ್ಲ, ಉಳಿದ ಹೆಂಗಸರು ವೇದಿಕೆಯ ಕಡೆಗಿದ್ದರು. ಗಂಡಸರು ಫೋಟೋದಲ್ಲಿ ಬರಬಾರದೆಂದು ಎಲ್ಲರನ್ನೂ ಆಚೆ ಕಳಿಸಿದ್ದರು. ನಾಗರಾಜು ಮಾತ್ರ ಹೋಗದೆ ಕಂಬದ ಹಿಂದೆ ನಿಂತಿದ್ದರು. ಆ ದೊಡ್ಡ ದೇಹ ಅಷ್ಟು ಬೇಗ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತರು. ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ನಾನು ಕೇಳಿದ ಮೊದಲ ಮಾತು ಶ್ರೀಧರ್ ಅವರದು: "ಕ್ಯಾಮೆರಾ ಆಫ್ ಮಾಡ್ರೀ."

ಎಡಗೈ ಮುಂದೋಳು ಮುರಿದಿತ್ತು. ಕಿರುಬೆರಳು, ಉಂಗುರದ ಬೆರಳು ಹೋದವು. ಕತ್ತಿನ ಸುತ್ತ ಸೀರೆಯಂಚಿನ ಗುರುತು ಬಿದ್ದಿತ್ತು. ಇನ್ನೊಂದು ಸುತ್ತು ಬಿಗಿದಿದ್ದರೆ ಬದುಕುತ್ತಿರಲಿಲ್ಲ ಎಂದು ಆಸ್ಪತ್ರೆಯ ವೈದ್ಯೆ ಹೇಳಿದರು. ಎಚ್ಚರವಾದ ಮೇಲೆ ಸೆಲ್ವಿ ನನ್ನನ್ನು ಗುರುತಿಸಿ, ಒಡೆದ ದನಿಯಲ್ಲಿ ಕೇಳಿದಳು: "ಎನ್ನಾ ಮೇಡಂ, ಫೋಟೋ ಚೆನ್ನಾಗ್ ಬಂತಾ?"

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ.

ಆಂತರಿಕ ವಿಚಾರಣೆ ನಡೆಯಿತು. ಅಪಘಾತಕ್ಕೆ ಕಾರಣ: ಕೆಲಸಗಾರ್ತಿ ತಿರುಗುವ ಯಂತ್ರದ ಬಳಿ ಸಡಿಲ ಬಟ್ಟೆ ಧರಿಸಿದ್ದು. ಆಧಾರ: ಗೋಡೆಯ ಮೇಲಿನ ಕೆಂಪಕ್ಷರ. ನಾನು ಬರೆಸಿದ ಸಾಲನ್ನು ನನಗೇ ಓದಿ ಹೇಳಿದರು. ಸಾಕ್ಷಿಯಾಗಿ ಕರೆಸಿದ್ದ ನಾಗರಾಜು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸಡಿಲ ಬಟ್ಟೆ ಹಂಚಿದ್ದು ಯಾರು ಸಾರ್? ನಾನಾ?"

"ನಾಗರಾಜು, ಅದು ಬೇರೆ ವಿಷಯ" ಎಂದರು ಶ್ರೀಧರ್.

"ಬೇರೆ ಹೆಂಗೆ ಸಾರ್? ಆಯಮ್ಮ ದಿನಾ ಶರ್ಟು ಪ್ಯಾಂಟಲ್ಲಿ ಬರೋಳು. ನೀವ್ ಸನ್ಮಾನ ಮಾಡ್ದಿದ್ರೆ ಬೆರಳು ಇರೋವು."

ಆಮೇಲೆ ಶ್ರೀಧರ್, ನಿಜವಾಗಿಯೂ ಕಣ್ಣೀರು ತಂದುಕೊಂಡೇ, ಇನ್ನು ಮುಂದೆ ಹೆಂಗಸರು ಯಾರೂ ಮಷಿನ್ ಶಾಪಿನಲ್ಲಿ ಬೇಡ, ಎಲ್ಲರನ್ನೂ ಪ್ಯಾಕಿಂಗ್‌ಗೆ ಕಳಿಸೋಣ ಎಂದರು. "ಅವರ ಒಳ್ಳೇದಕ್ಕೇ ಮೇಡಂ. ನಾಳೆ ಯಾರ್ದಾದ್ರೂ ಜೀವಾನೇ ಹೋದ್ರೆ ನಾನು ತಡ್ಕೊಳಲ್ಲ."

"ಶಾಪಿಂದ ಆಚೆ ಹೋಗ್ಬೇಕಾದ್ದು ಆ ಕಾರ್ಯಕ್ರಮ ಸಾರ್, ಹೆಂಗಸರಲ್ಲ" ಎಂದೆ. ವರದಿಗೆ ಸಹಿ ಹಾಕುವುದಿಲ್ಲ ಎಂದೂ ಹೇಳಿದೆ. ಇನ್ನು ಕೆಲವೇ ತಿಂಗಳಲ್ಲಿ ರಿಟೈರ್ ಆಗ್ತೀರಿ, ಯಾಕೆ ಮೇಡಂ ಇದೆಲ್ಲಾ ಎಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದರು. ವರದಿಯ ವಾಕ್ಯ ಕೊನೆಗೆ ಸ್ವಲ್ಪ ಮೆತ್ತಗಾಯಿತು: ಎರಡೂ ಕಡೆ ಅಜಾಗರೂಕತೆ. ಅಷ್ಟೇ ಗೆದ್ದದ್ದು. ಹೆಂಗಸರು ಪ್ಯಾಕಿಂಗ್‌ಗೆ ಹೋದರು. ಇಷ್ಟು ವರ್ಷ ಕಟ್ಟಿದ್ದು ಒಂದು ಮಧ್ಯಾಹ್ನದಲ್ಲಿ ಖಾಲಿಯಾಯಿತು. ಹೆಂಗಸರ ಅಳತೆಯ ಬೂಟುಗಳನ್ನು ಚೀಲಕ್ಕೆ ತುಂಬಿ ಸ್ಟೋರಿಗೆ ಸಾಗಿಸುವುದನ್ನು ನಾನೇ ನೋಡಿದೆ.

ನಿವೃತ್ತಿಯ ದಿನ ನನಗೂ ಹೂಗುಚ್ಛ ಕೊಟ್ಟರು. ಆಟೋದಲ್ಲೇ ಬಿಟ್ಟು ಇಳಿದೆ.

ಮನೆಯಲ್ಲಿ ಕುಳಿತ ಮೇಲೆ ನಿದ್ದೆ ಪೂರ್ತಿ ಹೋಯಿತು. ಸಣ್ಣ ತೂಕಡಿಕೆ ಬಂದರೂ ಗುಲಾಬಿ ಬಣ್ಣ ಸುತ್ತತೊಡಗಿ ಎಚ್ಚರವಾಗುತ್ತಿತ್ತು. ಸೀರೆ ಉಡುವುದನ್ನು ಬಿಟ್ಟೆ. ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಕಬ್ಬಿನ ಹಾಲಿನ ಗಾಣ ಕಂಡರೆ, ಅದರ ಪಕ್ಕ ನಿಂತ ಹೆಂಗಸರ ಸೆರಗಿನ ಮೇಲೇ ಕಣ್ಣು. ಒಮ್ಮೆ ಗುರುತಿಲ್ಲದ ಒಬ್ಬಾಕೆಯ ಸೆರಗು ಹಿಡಿದು ಎಳೆದೇಬಿಟ್ಟೆ, ಆಕೆ ಬೈದರು. ಮನೆಯಲ್ಲಿ ಮಿಕ್ಸಿ ಹಾಕಿದರೆ ಓಡಿಹೋಗಿ ಸ್ವಿಚ್ಚು ಆರಿಸುತ್ತಿದ್ದೆ. ಅದು ಹತ್ತಿಕೊಂಡು ವೇಗ ಹಿಡಿಯುವಾಗಿನ ಸದ್ದು ಥೇಟ್ ಲೇತಿನದೇ. ನಮ್ಮ ಮನೆಯವರು ಮೇಷ್ಟರಾಗಿ ನಿವೃತ್ತರಾದವರು. ಅವರು ಮಿಕ್ಸಿಯನ್ನು ಅಟ್ಟಕ್ಕೆ ಹಾಕಿದರು. ಚಟ್ನಿ ಬೇಕಾದಾಗ ಕಾಯಿ, ಹುರಿಗಡಲೆ ಡಬ್ಬಿಯಲ್ಲಿ ತುಂಬಿಕೊಂಡು ಮಹಡಿಯ ಮನೆಗೆ ಹೋಗಿ ರುಬ್ಬಿಸಿಕೊಂಡು ಬರುತ್ತಿದ್ದರು.

ಮರ್ಫಿ ಟೌನಿನ ಸೆಲ್ವಿಯ ಮನೆಗೆ ಆಗಾಗ ಹೋಗುತ್ತಿದ್ದೆ. ಒಂದೇ ಕೋಣೆ, ಟಿ.ವಿ. ಮೇಲೆ ಸಣ್ಣದೊಂದು ಬುದ್ಧನ ಮೂರ್ತಿ. ಅವಳ ಅಮ್ಮ ನನಗೆ ಟೀ ಕೊಟ್ಟು, ಮಗಳ ಎಡಗೈಯನ್ನು ಸೆರಗಿನಲ್ಲಿ ಮುಚ್ಚಲು ನೋಡುತ್ತಿದ್ದರು.

"ಬಿಡಮ್ಮಾ, ಮೇಡಂ ನೋಡ್ದೇ ಇರೋದಾ?" ಎನ್ನುವಳು ಸೆಲ್ವಿ.

ಅವಳೇ ಒಮ್ಮೆ ಹೇಳಿದಳು. ಆ ದಿನ ತೆಗೆದ ಫೋಟೋ, ಸೆರಗು ಸಿಕ್ಕುವ ಮುಂಚಿನದು, ದೊಡ್ಡದಾಗಿ ಮಾಡಿಸಿ ಕಾರ್ಖಾನೆಯ ಸ್ವಾಗತ ಕೋಣೆಯಲ್ಲಿ ಹಾಕಿದ್ದಾರಂತೆ. ಇವತ್ತೇ ಹೋಗಿ ತೆಗೆಸ್ತೀನಿ ಎಂದು ಎದ್ದೆ.

"ಕೂತ್ಕೊಳಿ ಮೇಡಂ. ಇರ್ಲಿ ಬಿಡಿ. ಹತ್ತು ಬೆರಳೂ ಇರೋ ಕೊನೇ ಫೋಟೋ ಅದು."

ಅವಳಿಗೆ ಬೇಕಾಗಿದ್ದದ್ದು ಒಂದೇ. ಮತ್ತೆ ಲೇತಿನ ಮುಂದೆ ನಿಲ್ಲಬೇಕು. "ಪ್ಯಾಕಿಂಗಲ್ಲಿ ಡಬ್ಬಕ್ಕೆ ಟೇಪ್ ಹಚ್ತಾ ಕೂತ್ರೆ, ನಾನು ಆ ದಿನಾನೇ ಸತ್ತೆ ಅಂತ ಆಯ್ತು ಮೇಡಂ" ಎಂದಳು. ಅದೇ ನನಗೂ ಬೇಕಾಗಿತ್ತು. ಅವಳು ವಾಪಸು ಹೋಗದಿದ್ದರೆ ನನ್ನ ಇಡೀ ವೃತ್ತಿಯೇ ಒಂದು ಹೂವಿನ ತಟ್ಟೆಯಾಗಿ ಉಳಿಯುತ್ತಿತ್ತು.

ಹೆಂಗಸರು ಮಷಿನ್ ಶಾಪಿಗೆ ಮರಳಿದರು. ಯಾರಿಗೂ ಜ್ಞಾನೋದಯವಾಗಿ ಅಲ್ಲ. ಆರ್ಡರುಗಳು ಹೆಚ್ಚಿದವು, ಟರ್ನರುಗಳು ಸಿಗಲಿಲ್ಲ, ಒಬ್ಬೊಬ್ಬರನ್ನಾಗಿ ಸದ್ದಿಲ್ಲದೆ ಕರೆಸಿಕೊಂಡರು. ಹೀಗೂ ದಾರಿ ತೆರೆಯುತ್ತದೆ. ತೆರೆದಾಗ ಒಳಗೆ ನುಗ್ಗಿಬಿಡಿ, ಕಾರಣ ಕೇಳುತ್ತಾ ನಿಲ್ಲಬೇಡಿ. ಸೆಲ್ವಿಗೆ ಮಾತ್ರ ಆಗುವುದಿಲ್ಲ ಎಂದರು, ಎಡಗೈಯಲ್ಲಿ ಹಿಡಿತವಿಲ್ಲವೆಂದು. ಅಷ್ಟರಲ್ಲಿ ಶ್ರೀಧರ್ ಬೇರೆ ಊರಿಗೆ ವರ್ಗವಾಗಿದ್ದರು. ನಾಗರಾಜು ಚಕ್ಕನ್ನು ಬಿಗಿಯುವ ಕೀಲಿಗೆ ಉದ್ದದ ಹಿಡಿ ಬೆಸೆದು ಕೊಟ್ಟು, ಹೊಸ ಮ್ಯಾನೇಜರ ಮುಂದೆ ಅವಳಿಂದ ಒಂದು ಮರೆ ಕೊರೆಸಿ ತೋರಿಸಿದರು. ಕೊನೆಗೆ ತರಬೇತಿ ವಿಭಾಗಕ್ಕೆ ಹಾಕಿದರು, ಹೊಸಬರಿಗೆ ಕಲಿಸಲು. ಹಳೆಯ ಗ್ರೇಡು ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಮಹಿಳಾ ದಿನಕ್ಕೆ ನನ್ನನ್ನು ಅತಿಥಿಯಾಗಿ ಕರೆದರು. ಬರುವುದಿಲ್ಲ ಎಂದೆ. ಸೆಲ್ವಿ ಫೋನ್ ಮಾಡಿದಳು: "ಆ ದಿನ ಬರ್ಬೇಡಿ. ಮಾರನೇ ದಿನ ಬನ್ನಿ. ಮಾಮೂಲಿ ಕೆಲಸದ ದಿನ."

ಹೋದೆ. ಬಾಗಿಲ ಬಳಿ ಕಾಲು ತಡೆಯಿತು. ನಾಗರಾಜು, ಈಗ ತಲೆ ಪೂರ್ತಿ ಬೆಳ್ಳಗೆ, ಅಲ್ಲೇ ನಿಂತಿದ್ದರು. "ಬನ್ನಿ ಮೇಡಂ. ಇವತ್ತು ದುಪ್ಪಟ್ಟಾ ಇಲ್ಲ, ಒಳಗೆ ಬಿಡ್ತೀನಿ."

ತರಬೇತಿ ಲೇತಿನ ಮುಂದೆ ಇಬ್ಬರು ಹೊಸ ಹುಡುಗಿಯರು, ನೀಲಿ ಶರ್ಟು, ಪ್ಯಾಂಟು, ಕೂದಲೆಲ್ಲ ಟೋಪಿಯೊಳಗೆ. ಅವರಲ್ಲಿ ಹೇಮಾ ಎಂಬ ಸಣ್ಣ ಹುಡುಗಿಯ ಕಣ್ಣಿಗೆ ಸೆಲ್ವಿ ಕರ್ಚೀಫು ಕಟ್ಟಿದ್ದಳು.

"ಬ್ರೇಕ್ ಎಲ್ಲಿ?"

ಹುಡುಗಿ ಕಾಲು ಚಾಚಿ ಠಪ್ಪೆಂದು ತುಳಿದಳು.

"ಇನ್ನೊಂದ್ಸಲ. ಈಗ ಪಕ್ಕದಲ್ಲಿ ನಿಂತ್ಕೊಂಡು." ಮತ್ತೆ ಠಪ್. "ಈಗ ಬಗ್ಗಿ." ಠಪ್. ಕಣ್ಣು ಕಟ್ಟಿಕೊಂಡು ಎಲ್ಲಿಂದಲಾದರೂ ಬ್ರೇಕು ತುಳಿಯಲು ಬರುವವರೆಗೆ ಸೆಲ್ವಿ ಯಾರಿಗೂ ಲೇತು ಚಾಲೂ ಮಾಡಲು ಬಿಡುತ್ತಿರಲಿಲ್ಲ. ಕಟ್ಟು ಬಿಚ್ಚಿ, ಯಂತ್ರ ಓಡಿಸಲು ಹೇಳಿದಳು. ಆ ಸದ್ದು ಎದ್ದಾಗ ನಾನು ಪಕ್ಕದ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆಗಲೇ ಆಫೀಸಿನಿಂದ ಎಚ್.ಆರ್. ವಿಭಾಗದ ಹುಡುಗಿ ಬಂದಳು, ಮುಖದ ತುಂಬ ಉತ್ಸಾಹ, ಮೊಬೈಲು ಎತ್ತಿ ಹಿಡಿದಿದ್ದಳು. "ಹೇಮಾ, ಸೂಪರ್! ಹಂಗೇ ಇರು. ನಿನ್ನೆ ರೀಲ್‌ಗೆ ಒಂದ್ ಶಾಟ್ ಕಮ್ಮಿ ಆಗಿದೆ. ಟೋಪಿ ತೆಗ್ದು ಕೂದ್ಲು ಬಿಡು, ಈ ಕಡೆ ಸ್ವಲ್ಪ ಬಗ್ಗಿ ನೋಡು."

ಸೆಲ್ವಿಯ ಮುಖ ನೋಡಿದೆ. ಅವಳು ಹೇಮಾಳನ್ನೇ ನೋಡುತ್ತಾ ನಿಂತಿದ್ದಳು.

ಹೇಮಾಗೆ ಹೆದರಿಕೆಯಾಗಿತ್ತು, ಕತ್ತು ಕೆಂಪಾದದ್ದು ನನಗೆ ಕಾಣುತ್ತಿತ್ತು. ಠಪ್ಪೆಂದು ಬ್ರೇಕು ತುಳಿದಳು. ಚಕ್ಕು ಪೂರ್ತಿ ನಿಲ್ಲುವವರೆಗೆ ಕಾದಳು. ಸ್ವಿಚ್ಚೂ ಆರಿಸಿದಳು. ಆಮೇಲೆ ಬಾಯಿ ತೆರೆದಳು.

"ಟೋಪಿ ತೆಗಿಯಲ್ಲ ಮೇಡಂ. ಫೋಟೋ ಬೇಕಾದ್ರೆ ಹಿಂಗೇ ತೊಗೊಳಿ. ನಿಂತಿರೋ ಮಷಿನ್ ಮುಂದೆ."

"ಅಯ್ಯೋ, ಎರಡೇ ಸೆಕೆಂಡ್ ಕಣೇ..."

"ಬೇಡ ಮೇಡಂ."

ಎಚ್.ಆರ್. ಹುಡುಗಿ ಸೆಲ್ವಿಯ ಕಡೆ ತಿರುಗಿದಳು. ಸೆಲ್ವಿ ತನ್ನ ಎಡಗೈಯನ್ನು ಲೇತಿನ ಮೇಲೆ ಇಟ್ಟಳು, ಅಷ್ಟೇ. ಆ ಹುಡುಗಿ ಮೊಬೈಲು ಕೆಳಗಿಳಿಸಿದಳು.

ಮನೆಗೆ ಬಂದು ನಮ್ಮ ಮನೆಯವರಿಗೆ ಇದನ್ನು ಎರಡು ಸಲ ಹೇಳಿದೆ. ಊಟ ಮಾಡಿ ಮಲಗಿದೆ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಅಡುಗೆಮನೆಯಿಂದ ಮಿಕ್ಸಿಯ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಾ ಮಲಗಿದ್ದೆ, ಕೊತ್ತಂಬರಿಯ ವಾಸನೆ ಬರುವವರೆಗೆ. ಎದ್ದು ಬಾಗಿಲಿಗೆ ಹೋದಾಗ ಅವರು ಬೆಚ್ಚಿ ಸ್ವಿಚ್ಚು ಆರಿಸಿದರು. ಅಟ್ಟದ ಏಣಿ ಇನ್ನೂ ಗೋಡೆಗೆ ಒರಗಿತ್ತು.

"ಮೇಲಿನ ಮನೆಯೋರು ಊರಿಗೆ ಹೋಗಿದ್ದಾರೆ ಕಣೇ. ಈ ಹೊತ್ತಿಗೆ ನೀನು ವಾಕಿಂಗ್ ಹೋಗಿರ್ತೀಯಲ್ಲ, ಬರೋದ್ರೊಳಗೆ ರುಬ್ಬಿಬಿಡೋಣ ಅಂದ್ಕೊಂಡೆ. ಮಲಗಿದ್ಯಾ?"

"ಮಲಗಿದ್ದೆ" ಎಂದೆ. "ಇನ್ನೂ ನುಣ್ಣಗಾಗಿಲ್ಲ. ಇನ್ನೊಂದು ಸುತ್ತು ಹಾಕಿ."